ಸ್ಟೀರಿಂಗ್ ನಡುಕಕ್ಕೆ ದಪ್ಪ ಡ್ಯಾಂಪರ್ ಮದ್ದೇ?

ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಎತ್ತರಿಸಿದ ಜಿಮ್ನಿ, ಥಾರ್, ಹೈಲಕ್ಸ್, ಹಳೆಯ ಜಿಪ್ಸಿಗಳು ಈಗ ಅಪರೂಪವಲ್ಲ. ಲಿಫ್ಟ್ ಕಿಟ್ ಹಾಕಿಸಿ, ದಪ್ಪ ಟೈರ್ ಏರಿಸಿದ ಮೇಲೆ ಗುಂಡಿಗೆ ಒಂದು ಚಕ್ರ ಬಿದ್ದರೆ ಸಾಕು, ಸ್ಟೀರಿಂಗ್ ಗಡಗಡ ನಡುಗಲು ಶುರುವಾಗುತ್ತದೆ ಎಂಬ ದೂರಿಗೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ದಪ್ಪದ ಸ್ಟೀರಿಂಗ್ ಸ್ಟೆಬಿಲೈಸರ್ ಹಾಕಿಸಿ, ಒಂದು ಸಾಲದಿದ್ದರೆ ಎರಡು.’ ಇಲ್ಲಿ ತಪ್ಪಿರುವುದು ಬಿಡಿಭಾಗದ ಆಯ್ಕೆ ಮಾತ್ರವಲ್ಲ, ರೋಗ ಯಾವುದೆಂಬ ತಿಳಿವಳಿಕೆಯೇ ತಪ್ಪು. ಸ್ಟೆಬಿಲೈಸರ್ ಅಥವಾ ಡ್ಯಾಂಪರ್ ಅಂದರೆ ಅಡ್ಡ ಮಲಗಿಸಿದ ಶಾಕ್ ಅಬ್ಸಾರ್ಬರ್, ಅಷ್ಟೇ. ಸ್ಟೀರಿಂಗ್ ರಾಡು ಎಷ್ಟು ವೇಗವಾಗಿ ಅಲುಗುತ್ತದೋ ಅಷ್ಟು ಬಲವಾಗಿ ಅದನ್ನು ತಡೆಯುತ್ತದೆ. ಚಕ್ರವನ್ನು ನೇರಕ್ಕೆ ತರುವ ಶಕ್ತಿ ಅದಕ್ಕಿಲ್ಲ, ಸವೆದ ಕೀಲನ್ನು ಬಿಗಿ ಮಾಡುವ ಶಕ್ತಿಯಂತೂ ಮೊದಲೇ ಇಲ್ಲ.

ನೇರಕ್ಕೆ ತರುವ ಕೆಲಸ ಮುಖ್ಯವಾಗಿ ಕ್ಯಾಸ್ಟರ್ ಕೋನದ್ದು. ಮುಂದಿನ ಚಕ್ರ ತಿರುಗುವ ಅಕ್ಷ ಮೇಲ್ತುದಿಯಲ್ಲಿ ತುಸು ಹಿಂದಕ್ಕೆ ವಾಲಿರುವುದರಿಂದಲೇ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳುತ್ತದೆ. 2023ರಲ್ಲಿ ಭಾರತಕ್ಕೆ ಬಂದ ಜಿಮ್ನಿಗೆ ಮುಂದೆಯೂ ಎರಡು ಚಕ್ರಗಳನ್ನು ಜೋಡಿಸುವ ಇಡೀ ಆಕ್ಸಲ್ ಇದೆ. ಉದ್ದನೆಯ ಸ್ಪ್ರಿಂಗ್ ಹಾಕಿ ಗಾಡಿಯನ್ನು ಎತ್ತರಿಸಿದರೆ ಆಕ್ಸಲ್ ಹಿಡಿದ ತೋಳುಗಳು ಕೆಳಗಿಳಿದು, ಆಕ್ಸಲ್ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಬುಷ್, ಟೈ ರಾಡ್ ಎಂಡ್, ಕಿಂಗ್‌ಪಿನ್ ಬೇರಿಂಗ್‌ಗಳಲ್ಲಿ ಸ್ವಲ್ಪ ಸಡಿಲವಿದ್ದು, ಬ್ಯಾಲೆನ್ಸ್ ಆಗದ ಭಾರದ ಟೈರೂ ಸೇರಿದರೆ ನಡುಕ ಹುಟ್ಟುತ್ತದೆ. ಹೊರಕ್ಕೆ ಚಾಚಿದ ರಿಮ್ ಅಥವಾ ಸ್ಪೇಸರ್ ಇದ್ದರೆ ರಸ್ತೆಯ ಒದೆತ ಇನ್ನೂ ಜೋರಾಗಿ ಸ್ಟೀರಿಂಗಿಗೆ ತಲುಪುತ್ತದೆ. ಇವೆಲ್ಲದರ ಮೇಲೆ ಕೂರಿಸಿದ ಗಟ್ಟಿ ಡ್ಯಾಂಪರ್ ಕೆಲವು ತಿಂಗಳು ನಡುಕವನ್ನು ಮುಚ್ಚಿಡಬಹುದು. ಅಷ್ಟರಲ್ಲಿ ಕೀಲುಗಳು ಇನ್ನಷ್ಟು ಸವೆದಿರುತ್ತವೆ.

‘ಹಾಗಾದರೆ ಕಂಪನಿಯವರೇ ಏಕೆ ಡ್ಯಾಂಪರ್ ಕೊಡುತ್ತಾರೆ? ಅದನ್ನು ಬದಲಿಸಿದ ಮೇಲೆ ನಡುಕ ನಿಂತದ್ದೂ ಸುಳ್ಳೇ?’ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಜೀಪ್ ರಾಂಗ್ಲರ್‌ನ ನಡುಕದ ದೂರುಗಳಿಗೆ ತಯಾರಕರು 2019ರಲ್ಲಿ ಅಮೆರಿಕದಲ್ಲಿ ಕೊಟ್ಟ ಪರಿಹಾರ ಹೊಸ ಡ್ಯಾಂಪರೇ. ಆದರೆ ಅದು ಕಾರ್ಖಾನೆಯ ಎತ್ತರ, ಕಾರ್ಖಾನೆಯ ಕೋನಗಳಿಗೆ ಹೊಂದಿಸಿದ ಬಿಡಿಭಾಗ. ಎತ್ತರ, ಟೈರ್, ರಿಮ್ ಮೂರನ್ನೂ ಬದಲಿಸಿದ ಗಾಡಿಗೆ ಆ ತರ್ಕ ಅನ್ವಯಿಸುವುದಿಲ್ಲ. ಇನ್ನು 2020ರ ನಂತರದ ಥಾರ್, ಹೈಲಕ್ಸ್, ಇಸುಜು ವಿ-ಕ್ರಾಸ್‌ಗಳ ಮಾತೇ ಬೇರೆ. ಮುಂದಿನ ಎರಡು ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್, ರ್‍ಯಾಕ್ ಸ್ಟೀರಿಂಗ್ ಇರುವ ಈ ಗಾಡಿಗಳಲ್ಲಿ ಜಿಮ್ನಿಯ ಮದ್ದನ್ನು ಹುಡುಕುವುದೇ ವ್ಯರ್ಥ. ಬಾಲ್ ಜಾಯಿಂಟ್, ಬುಷ್, ವೀಲ್ ಬ್ಯಾಲೆನ್ಸ್ ನೋಡಿಸಬೇಕು.

ಡ್ಯಾಂಪರ್ ಆಯ್ಕೆಯ ಪ್ರಶ್ನೆ ಬರುವುದು ಇದೆಲ್ಲ ಸರಿಯಾದ ಮೇಲೆ. ಹಳೆಯ ಡ್ಯಾಂಪರ್ ಬಿಚ್ಚಿ ಕೈಯಲ್ಲಿ ನಿಧಾನಕ್ಕೆ ಒತ್ತಿ, ಎಳೆದು ನೋಡಿ. ಇಡೀ ಉದ್ದಕ್ಕೂ ಒಂದೇ ಸಮನೆ ಬಿಗಿ ಸಿಗಬೇಕು. ನಡುವೆ ಎಲ್ಲಾದರೂ ಸಲೀಸಾಗಿ ಜಾರಿದರೆ, ಸೀಲ್ ಬಳಿ ಎಣ್ಣೆ ಜಿನುಗಿದ್ದರೆ ಬದಲಿಸಿ. ಹೊಸದನ್ನು ಕೂರಿಸಿ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿದಾಗ ಡ್ಯಾಂಪರಿನ ರಾಡು ಎಲ್ಲಿಯೂ ತಳ ಮುಟ್ಟಬಾರದು, ಪೂರ್ತಿ ಚಾಚಿಕೊಂಡು ಎಳೆದು ನಿಲ್ಲಲೂಬಾರದು. ಹೆಚ್ಚಿನ ಒತ್ತಡದ ಗ್ಯಾಸ್ ತುಂಬಿದ ಒಂಟಿ ಡ್ಯಾಂಪರ್ ರಾಡನ್ನು ಸದಾ ಹೊರಕ್ಕೆ ತಳ್ಳುವುದರಿಂದ ಗಾಡಿ ಒಂದು ಬದಿಗೆ ಎಳೆಯಬಹುದು. ಬರೀ ಎಣ್ಣೆಯದಕ್ಕೆ ಆ ಗುಣವಿಲ್ಲ. ಅತಿ ಬಿಗಿಯಾದದ್ದು ಸ್ಟೀರಿಂಗ್ ಮರಳುವುದನ್ನೂ ನಿಧಾನ ಮಾಡುತ್ತದೆ. ಜೋಡಿ ಡ್ಯಾಂಪರ್ ನನ್ನ ಮಟ್ಟಿಗೆ ಬಹುಪಾಲು ತೋರಿಕೆಯ ಖರ್ಚು.

ಆದ್ದರಿಂದ ಹಣ ಬಿಚ್ಚುವ ಮೊದಲು ಒಂದು ಕೆಲಸ ಮಾಡಿಸಿ. ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಚೂರು ಎಡಕ್ಕೆ, ಚೂರು ಬಲಕ್ಕೆ ಆಡಿಸಲಿ, ಮೆಕ್ಯಾನಿಕ್ ಕೆಳಗೆ ಮಲಗಿ ಯಾವ ಕೀಲು ಮೊದಲು ಕುಣಿಯುತ್ತದೆಂದು ನೋಡಲಿ. ಅಲೈನ್‌ಮೆಂಟ್ ಅಂಗಡಿಯಲ್ಲಿ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ಒಂದನ್ನೇ ಸರಿಪಡಿಸಿ ಕಳಿಸಲು ಬಿಡಬೇಡಿ. ಕ್ಯಾಸ್ಟರ್ ಎಷ್ಟಿದೆಯೆಂದು ಕೇಳಿ, ಪ್ರಿಂಟ್ ಕೈಗೆ ತೆಗೆದುಕೊಂಡೇ ಹೊರಡಿ.