ಡ್ರಾಪ್‌ಡೌನ್ ಬದಲಾಯ್ತು, ಬದಲಾಯಿಸಿದ್ದು ಯಾರು?

ಫಾರ್ಮ್ ತುಂಬುವಾಗ ಜಿಲ್ಲೆ ಆರಿಸಿದ ಕೂಡಲೇ ಕೆಳಗೆ ತಾಲ್ಲೂಕುಗಳ ಪಟ್ಟಿ ಬರೋದನ್ನ ನೀವು ನೋಡಿರ್ತೀರಿ. ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ನಲ್ಲಿ ಇದನ್ನ ಮಾಡೋಕೆ ಹೊರಟ ಹೊಸಬರು ಸುಲಭವಾಗಿ ಎಡವೋ ಒಂದು ಜಾಗ ಇದೆ. ಇವತ್ತಿನ ಮಾತು ಅದರ ಬಗ್ಗೆ.

ಪೈಥಾನ್‌ನಲ್ಲಿ ಕ್ಯೂಟ್ ಬಳಸ್ತಿದ್ದೀರಿ ಅಂದ್ಕೊಳ್ಳಿ. ಕ್ಯೂ, ಟಿ ಅಂತ ಬರೆದು ಕ್ಯೂಟ್ ಅಂತ ಓದ್ತಾರಲ್ಲ, ಅದೇ. ಅದರಲ್ಲಿ ಡ್ರಾಪ್‌ಡೌನ್‌ನ ಹೆಸರು ಕಾಂಬೋ ಬಾಕ್ಸ್. ಆಯ್ಕೆ ಬದಲಾದಾಗ ಅದು ‘ಕರೆಂಟ್ ಇಂಡೆಕ್ಸ್ ಚೇಂಜ್ಡ್’ ಅನ್ನೋ ಸಿಗ್ನಲ್ ಕಳಿಸುತ್ತೆ. ಬದಲಾಯಿಸಿದ್ದು ಬಳಕೆದಾರರೋ, ನಿಮ್ಮದೇ ಕೋಡೋ ಅನ್ನೋ ಭೇದ ಅದಕ್ಕಿಲ್ಲ.

ಇದರಿಂದ ಏನಾಗುತ್ತೆ? ಒಬ್ಬರ ವಿಳಾಸ ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು ಅಂತ ಸೇವ್ ಆಗಿದೆ. ಅದನ್ನ ತೆರೆದಾಗ ನಿಮ್ಮ ಕೋಡ್ ಮೊದಲು ತಾಲ್ಲೂಕು ಇಟ್ಟು, ಆಮೇಲೆ ಜಿಲ್ಲೆ ಇಡುತ್ತೆ. ಜಿಲ್ಲೆ ಬದಲಾಯ್ತು ಅಂತ ಸಿಗ್ನಲ್ ಹೋಗುತ್ತೆ, ತಾಲ್ಲೂಕು ಪಟ್ಟಿ ಹೊಸದಾಗಿ ತುಂಬುತ್ತೆ. ಸಾಗರ ಹೋಗಿ, ಪಟ್ಟಿಯ ಮೊದಲ ಹೆಸರು ಭದ್ರಾವತಿ ಬಂದು ಕೂರುತ್ತೆ. ಯಾವ ಎರರ್ ಕೂಡ ಬರಲ್ಲ. ಗಮನಿಸದೆ ಸೇವ್ ಒತ್ತಿದ್ರೆ ವಿಳಾಸವೇ ತಪ್ಪು.

ಇನ್ನೊಂದು ಗುಂಡಿ: ಡ್ರಾಪ್‌ಡೌನ್ ಖಾಲಿ ಮಾಡಿದಾಗಲೂ ಇದೇ ಸಿಗ್ನಲ್ ಬರುತ್ತೆ, ಇಂಡೆಕ್ಸ್ ಮೈನಸ್ 1 ಆಗಿರುತ್ತೆ. ಪೈಥಾನ್ ಲಿಸ್ಟ್‌ನಲ್ಲಿ ಮೈನಸ್ 1 ಅಂದ್ರೆ ಕೊನೆಯ ಹೆಸರು! ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಜಿಲ್ಲೆ ಜೋಡಿಸಿದ್ರೆ, ಯಾರೂ ಮುಟ್ಟದೇನೇ ಯಾದಗಿರಿ ಆಯ್ಕೆ ಆದಂಗೆ. ಅದಕ್ಕೇ ಇಂಡೆಕ್ಸ್ 0ಗಿಂತ ಕಡಿಮೆ ಇದ್ರೆ ಅಲ್ಲೇ ವಾಪಸ್ ಬನ್ನಿ.

ಹಾಗಾದ್ರೆ ಪರಿಹಾರ? ಕ್ಯೂಟ್‌ನಲ್ಲೇ ‘ಆಕ್ಟಿವೇಟೆಡ್’ ಅನ್ನೋ ಇನ್ನೊಂದು ಸಿಗ್ನಲ್ ಇದೆ. ಬಳಕೆದಾರರು ತಾವೇ ಆರಿಸಿದಾಗ ಮಾತ್ರ ಅದು ಬರುತ್ತೆ. ಆದ್ರೆ ಇದ್ದದ್ದನ್ನೇ ಮತ್ತೆ ಆರಿಸಿದ್ರೂ ಬರುತ್ತೆ, ಹಾಗಾಗಿ ನಿಜಕ್ಕೂ ಬದಲಾಗಿದ್ಯಾ ಅಂತ ಒಮ್ಮೆ ನೋಡ್ಕೊಳ್ಳಿ. ತಾಲ್ಲೂಕು ತುಂಬೋ ಕೆಲಸಕ್ಕೆ ಬೇರೆ ಫಂಕ್ಷನ್ ಬರೆದು ಇದಕ್ಕೆ ಜೋಡಿಸಿ. ಹಳೇ ದಾಖಲೆ ತೆರೆಯುವಾಗ ಮೊದಲು ಜಿಲ್ಲೆ ಇಡಿ, ನೀವೇ ಆ ಫಂಕ್ಷನ್ ಕರೆದು ಪಟ್ಟಿ ತುಂಬಿ, ಕೊನೆಗೆ ತಾಲ್ಲೂಕು ಇಡಿ.

ಪೈಥಾನ್ ಜತೆಗೇ ಬರೋ ಟಿಕಿಂಟರ್ ಬಳಸೋರಿಗೂ ಒಂದು ಮಾತು. ಅದರ ‘ಕಾಂಬೋಬಾಕ್ಸ್ ಸೆಲೆಕ್ಟೆಡ್’ ಈವೆಂಟ್ ಬಳಕೆದಾರರು ಪಟ್ಟಿಯಿಂದ ಆರಿಸಿದಾಗ ಮಾತ್ರ ಬರುತ್ತೆ, ಕೋಡ್‌ನಿಂದ ಇಟ್ರೆ ಬರಲ್ಲ. ಯಾವ ಲೈಬ್ರರಿ ಹಿಡಿದ್ರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಈವೆಂಟ್ ಯಾರು ಬದಲಾಯಿಸಿದಾಗ ಬರುತ್ತೆ?