ಕವಳ ಹಾಕಿ, ಕೈ ಹಾಕಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆಯ ಜಗಲಿ ಹತ್ತಿದರೂ ನೀರು, ಬೆಲ್ಲದ ಬೆನ್ನಿಗೇ ಕವಳದ, ಅಂದರೆ ಎಲೆಯಡಿಕೆಯ, ಬಟ್ಟಲು ಬರುತ್ತದೆ. ‘ಕವಳ ಹಾಕಿ’ ಎನ್ನುತ್ತಾರೆ. ‘ತಿನ್ನಿ’ ಎನ್ನುವವರು ಕಡಿಮೆ.

ಊರಿನ ಅರ್ಧ ಕೆಲಸ ಈ ‘ಹಾಕು’ವಿನ ಮೇಲೇ ನಿಂತಿದೆ. ಬೆಟ್ಟದ ಸೊಪ್ಪನ್ನು ತೋಟಕ್ಕೆ ಹಾಕುತ್ತಾರೆ. ಯಕ್ಷಗಾನದ ಆಟದಲ್ಲಿ ವೇಷ ಹಾಕುತ್ತಾರೆ. ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕುತ್ತಾರೆ. 1923ರಲ್ಲಿ ಶುರುವಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಲ್ಲಿ ವ್ಯಾಪಾರಿಗಳು ಅಡಿಕೆಗೆ ಟೆಂಡರ್ ಹಾಕುತ್ತಾರೆ. ಕೊಟ್ಟಿಗೆಯಲ್ಲಿ ಆಕಳು ಕರು ಹಾಕುತ್ತದೆ.

ಇತ್ತ ಶಾಲೆಯಲ್ಲಿ ಮಕ್ಕಳು ‘ಹಾಕು’ವಿನ ಇಂಗ್ಲಿಷ್ ಜೋಡಿ ‘ಪುಟ್’ ಹಿಡಿದು, ‘ಪುಟ್ ಆನ್’ ಎಂದರೆ ತೊಡು, ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ ಎಂದು ಉರು ಹೊಡೆಯುತ್ತಾರೆ. ಇಂಗ್ಲಿಷಿನಲ್ಲಿ ಕ್ರಿಯಾಪದದ ನಂತರ ಬರುವ ಪುಟ್ಟ ಪದ ಅರ್ಥವನ್ನು ತಿರುಗಿಸುತ್ತದೆ. ‘ಹಾಕು’ವಿನ ಅರ್ಥ ತಿರುಗುವುದು ಅದರ ಮುಂಚೆ ಬರುವ ಪದದಿಂದ. ಕೆಲಸಕ್ಕೆ ಕೈ ಹಾಕಿದರೆ ಆರಂಭ. ಹಿರಿಯರ ಮಾತಿನ ನಡುವೆ ಬಾಯಿ ಹಾಕಿದರೆ ಅಧಿಕಪ್ರಸಂಗ. ಪಕ್ಕದವರ ಜಾಗದ ಮೇಲೆ ಕಣ್ಣು ಹಾಕಿದರೆ ದುರಾಸೆ. ‘ವರ್ಷವಾದರೂ ಈ ಕಡೆ ತಲೆ ಹಾಕಲಿಲ್ಲ’ ಎಂದರೆ ಪ್ರೀತಿ ಬೆರೆತ ಮುನಿಸು!

‘ಕೊಡು’, ‘ಬಿಡು’ಗಳಂತೆ ಕ್ರಿಯಾಪದದ ಬಾಲಕ್ಕೆ ಸೇರಿದಾಗಲಂತೂ ‘ಹಾಕು’ವಿನ ಸೂಕ್ಷ್ಮ ಇನ್ನೂ ದೊಡ್ಡದು. ಅಡಿಕೆಯ ಕೊನೆಕೊಯ್ಲಿನ ಹೊತ್ತು ಮರದ ಮೇಲಿರುವ ಕೊನೆಗೌಡನಿಗೆ, ಅಂದರೆ ಕೊನೆ ಇಳಿಸುವವನಿಗೆ, ಕೆಳಗಿನಿಂದ ‘ಇವತ್ತೇ ಇಳಿಸಿಕೊಡು ಮಾರಾಯಾ’ ಎಂದರೆ ಬೇಡಿಕೆ. ಮೋಡ ಕವಿದಾಗ ‘ಇಳಿಸಿಬಿಡು’ ಎಂದರೆ ಅವಸರ. ಮಂಗಗಳು ಎಳೆಕಾಯಿ ‘ಕಿತ್ತುಹಾಕಿದವು’ ಎನ್ನುವಾಗ ನಷ್ಟವೂ ಸಿಟ್ಟೂ ಒಟ್ಟಿಗೇ ಬರುತ್ತವೆ. ಮರ ಬಿದ್ದುಬಿಟ್ಟಿತು ಎನ್ನಬಹುದು, ಬಿದ್ದುಹಾಕಿತು ಎನ್ನಲಾಗದು. ಗಾಳಿ ಮರವನ್ನು ಕೆಡವಿಹಾಕಿತು ಎಂದರೆ ಸರಿ. ಬೀಳಿಸಿದವರು ಯಾರೋ ಇದ್ದಾಗಲೇ ‘ಹಾಕು’ ಬರಬೇಕು. ಯಾರೂ ಕಲಿಸದ ಈ ನಿಯಮದಲ್ಲಿ ಇಲ್ಲಿನ ಪುಟ್ಟ ಮಗುವೂ ತಪ್ಪುವುದಿಲ್ಲ.

ಇಷ್ಟು ಬಲ್ಲ ಮಗುವಿಗೆ ಇಂಗ್ಲಿಷಿನ ಪಟ್ಟಿಯನ್ನು ಹೊಸ ಹೊರೆಯಂತೆ ಕೊಡುವುದು ನನಗೆ ನೋವಿನ ಸಂಗತಿ. ಮಾಸ್ತರು, ಅಕ್ಕೋರು ಮೊದಲು ಹರಿ, ಹರಿದುಹಾಕು ಎಂಬ ಎರಡನ್ನು ಹಲಗೆಯ ಮೇಲೆ ಬರೆಯಲಿ. ಕಾಗದ ಸ್ವಲ್ಪ ಹರಿದದ್ದು ಯಾವುದರಲ್ಲಿ, ಚೂರುಚೂರಾದದ್ದು ಯಾವುದರಲ್ಲಿ ಎಂದು ಕೇಳಲಿ. ಅದರ ಪಕ್ಕದಲ್ಲೇ ‘ಟೇರ್’, ‘ಟೇರ್ ಅಪ್’ ಬರೆದರೆ, ಅಲ್ಲಿ ‘ಅಪ್’ ಮಾಡುವ ಕೆಲಸವನ್ನೇ ಇಲ್ಲಿ ‘ಹಾಕು’ ಮಾಡುತ್ತಿದೆ ಎಂದು ಮಕ್ಕಳೇ ಹೇಳುತ್ತಾರೆ.