ಮೊಬೈಲ್ ಫೋನೂ ಗ್ರಾಮದ ಐಕಮತ್ಯವೂ

ಬೆಳೆಗಳಿಗೆ ತಗಲುವ ರೋಗಗಳನ್ನು ಕುರಿತು ಈ ಪತ್ರಿಕೆಯಲ್ಲಿ ಆಗಾಗ್ಗೆ ಬರೆಯುವುದುಂಟು. ಈ ಸಲ ಬೆಳೆಯುವವರ ಪರಸ್ಪರ ವಿಶ್ವಾಸಕ್ಕೆ ತಗಲುತ್ತಿರುವ ಒಂದು ಕೇಡನ್ನು ಗ್ರಾಮದ ಯಜಮಾನರ ಮತ್ತು ಜಮೀನುದಾರರ ಗಮನಕ್ಕೆ ತರಬೇಕಾಗಿದೆ. ವ್ಯವಸಾಯವು ಒಬ್ಬನಿಂದಲೇ ನಡೆಯತಕ್ಕ ಕೆಲಸವಲ್ಲ. ಕೆರೆಯ ನೀರಿನ ಸರತಿ, ಕಾಲುವೆಯ ಹೂಳೆತ್ತುವುದು, ನಾಟಿಯ ಕಾಲದ ಮುಯ್ಯಾಳು, ಇವೆಲ್ಲವೂ ನೆರೆಹೊರೆಯ ವಿಶ್ವಾಸವನ್ನೇ ಅವಲಂಬಿಸಿರುತ್ತವೆ. ಆದುದರಿಂದ ಈ ವಿಷಯವು ವ್ಯವಸಾಯಕ್ಕೆ ಹೊರತಾದುದೆಂದು ಯಾರೂ ಭಾವಿಸಲಾಗದು.

ಮೊಬೈಲ್ ಫೋನಿನಿಂದಲೂ ವಾಟ್ಸ್‌ಆ್ಯಪ್ ಗ್ರೂಪುಗಳಿಂದಲೂ ರೈತರಿಗೆ ಆಗಿರುವ ಉಪಕಾರವು ಅಲ್ಪವಲ್ಲ. ಮುಸುಕಿನ ಜೋಳದ ಸುಳಿಯಲ್ಲಿ ಸೈನಿಕ ಹುಳು ಕಂಡರೆ, ಅದರ ಚಿತ್ರವನ್ನು ತೆಗೆದು ರೈತ ಸಂಪರ್ಕ ಕೇಂದ್ರದವರಿಗೆ ಆ ಗಳಿಗೆಯಲ್ಲಿಯೇ ತೋರಿಸಬಹುದು. ಪಟ್ಟಣಕ್ಕೆ ಹೋದ ಮಗನ ಮುಖವನ್ನು ಮುದಿ ತಾಯಿತಂದೆಗಳು ಪ್ರತಿದಿನವೂ ನೋಡಬಹುದು. ಸುದ್ದಿಯನ್ನು ಮುಟ್ಟಿಸುವುದಕ್ಕೆ ಇದಕ್ಕಿಂತ ಸುಲಭವಾದ ಸಾಧನವು ಹಿಂದೆ ಇರಲಿಲ್ಲ. ಆದರೆ ಸುದ್ದಿಯನ್ನು ಮುಟ್ಟಿಸುವುದು ಬೇರೆ, ವ್ಯಾಜ್ಯವನ್ನು ಬಗೆಹರಿಸುವುದು ಬೇರೆ.

ನಾನು ಸರ್ಕೀಟಿನಲ್ಲಿದ್ದಾಗ ಒಂದು ಗ್ರಾಮದಲ್ಲಿ ಕಂಡ ಸಂಗತಿಯನ್ನು ಇಲ್ಲಿ ಹೇಳುತ್ತೇನೆ. ಅಚ್ಚುಕಟ್ಟಿನ ಕೊನೆಯಲ್ಲಿದ್ದ ಒಬ್ಬ ರೈತನ ಗದ್ದೆಗೆ ನೀರು ಬರಲಿಲ್ಲ. ಮೇಲಣ ಗದ್ದೆಯ ಬಳಿ ಕಾಲುವೆಯ ದಡ ಒಡೆದಿರುವುದನ್ನು ಕಂಡು, ಆತನು ರಾತ್ರಿ ಅದರ ಚಿತ್ರವನ್ನು ಊರಿನ ಗ್ರೂಪಿಗೆ ಹಾಕಿ, "ಇದು ಯಾರ ಕೆಲಸವೆಂದು ಎಲ್ಲರಿಗೂ ಗೊತ್ತು" ಎಂದು ಬರೆದನು. ಬೆಳಗಾಗುವುದರೊಳಗೆ ಊರು ಎರಡು ಪಕ್ಷವಾಯಿತು. ಸುಮ್ಮನಿದ್ದವರನ್ನು ಕೂಡ ಆ ಕಡೆಯವರೆಂದು ಈ ಕಡೆಯವರು ಎಣಿಸಿದರು. ನೀರುಗಂಟಿಯನ್ನು ಮಾತ್ರ ಯಾರೂ ಕೇಳಲಿಲ್ಲ. ನಾಲ್ಕು ದಿನಗಳ ಮೇಲೆ ಹಿರಿಯರು ಇಬ್ಬರನ್ನೂ ಕರೆದುಕೊಂಡು ಕಾಲುವೆಯುದ್ದಕ್ಕೂ ನಡೆದು ನೋಡಲಾಗಿ, ದಡವು ಏಡಿಯ ಬಿಲದಿಂದ ಒಡೆದಿತ್ತು. ಅರ್ಧ ಗಂಟೆಯಲ್ಲಿ ಮಣ್ಣು ಮೆತ್ತಿದರು. ನೀರು ಹರಿಯಿತು. ಆದರೆ ತಲೆಮಾರುಗಳಿಂದ ಮುಯ್ಯಾಳು ನಡೆಸುತ್ತಿದ್ದ ಆ ಎರಡು ಮನೆಯವರು ಆ ವರ್ಷ ಕೂಲಿ ತೆತ್ತು ನಾಟಿ ಮಾಡಿಸಿದರು. ಇಂದಿಗೂ ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿದಿಲ್ಲ.

ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಎದುರೆದುರಿಗೆ ಆಡಿದ ಕಠಿಣವಾದ ಮಾತನ್ನು ಮುಖ ನೋಡಿ ತಿದ್ದಿಕೊಳ್ಳಬಹುದು. ಹಿರಿಯರು ನಡುವೆ ಬಂದು ತಡೆಯಬಹುದು. ಫೋನಿನಲ್ಲಿ ಬರೆದ ಮಾತಾದರೋ ಅಲ್ಲಿಯೇ ನಿಲ್ಲುತ್ತದೆ. ಹತ್ತು ಸಲ ಓದಿದವನನ್ನು ಹತ್ತು ಸಲ ಚುಚ್ಚುತ್ತದೆ.

ಪರಿಚಿತರಲ್ಲಿಯೇ ಹೀಗಾದರೆ, ಅಪರಿಚಿತರ ವಿಷಯದಲ್ಲಿ ಅನರ್ಥವು ಇನ್ನೂ ಘೋರವಾದುದು. 2018ನೆಯ ಇಸವಿ ಜುಲೈ 13ನೆಯ ತಾರೀಖು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕೊಲೇಟು ಕೊಟ್ಟರೆಂಬುದೇ ನೆಪವಾಗಿ, ಅವರು ಮಕ್ಕಳ ಕಳ್ಳರೆಂಬ ಸುದ್ದಿಯು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಅವರ ವಾಹನವು ಮುರ್ಕಿ ಗ್ರಾಮವನ್ನು ಸೇರುವಷ್ಟರಲ್ಲಿ ಜನರು ಗುಂಪುಕೂಡಿ ಹೊಡೆದುದರಿಂದ ಒಬ್ಬ ತರುಣನು ಪ್ರಾಣ ಬಿಟ್ಟನು. ಗ್ರೂಪಿನ ಮುಖ್ಯಸ್ಥನೂ ಸೇರಿ ಅನೇಕರು ಬಂಧನಕ್ಕೊಳಗಾದರು. ಆ ತಿಂಗಳಲ್ಲಿಯೇ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚಾಗಿ ರವಾನಿಸದಂತೆ ವಾಟ್ಸ್‌ಆ್ಯಪ್ ಕಂಪೆನಿಯವರು ಮಿತಿಯನ್ನು ಗೊತ್ತುಮಾಡಿದರು. ಆದರೆ ಕೈಯನ್ನು ತಡೆಯತಕ್ಕ ವಿವೇಕವನ್ನು ಯಾವ ಕಂಪೆನಿಯೂ ಒದಗಿಸಲಾರದು.

ಇನ್ನೊಂದು ಹಾನಿಯು ಸದ್ದಿಲ್ಲದೆ ನಡೆಯುತ್ತದೆ. ಹೂಮಾಲೆ ಹಾಕಿದ ಹೊಸ ಟ್ರ್ಯಾಕ್ಟರಿನ ಚಿತ್ರವನ್ನೂ ಮದುವೆಯ ವೈಭವವನ್ನೂ ಎಲ್ಲರೂ ಕಳುಹಿಸುತ್ತಾರೆ. ಬೋರ್‌ವೆಲ್ ಕೊರೆಸಿ ನೀರು ಬಾರದಿದ್ದವನು ಅದರ ಚಿತ್ರವನ್ನು ಯಾರಿಗೂ ಕಳುಹಿಸುವುದಿಲ್ಲ. ಹೀಗಾಗಿ ಬೆಳೆ ಕಳೆದುಕೊಂಡವನು ಊರಿನಲ್ಲಿ ತಾನೊಬ್ಬನೇ ಸೋತವನೆಂದು ತಿಳಿದು ಒಳಗೊಳಗೇ ಕುಗ್ಗುತ್ತಾನೆ. ಅರಳಿಕಟ್ಟೆಯಲ್ಲಿ ಕುಳಿತಿದ್ದರೆ ಅವನ ಮೌನವನ್ನು ಯಾರಾದರೂ ಗುರುತಿಸುತ್ತಿದ್ದರು.

ಈ ಕೆಳಕಂಡ ಕ್ರಮಗಳನ್ನು ಯಜಮಾನರು ಆಚರಣೆಗೆ ತರುವುದು ಉಚಿತವಾಗಿ ಕಾಣುತ್ತದೆ:

1. ಊರಿನ ಗ್ರೂಪನ್ನು ಸಭೆ, ನೀರಿನ ಸರತಿ, ಮಳೆ, ರೋಗ, ಧಾರಣೆ ಮುಂತಾದ ಪ್ರಕಟಣೆಗಳಿಗೆ ಮಾತ್ರ ಮೀಸಲಾಗಿಡತಕ್ಕದ್ದು.

2. ನೀರು, ಬದು, ದಾರಿ, ದನಗಳ ತಂಟೆ, ಇವುಗಳ ದೂರನ್ನು ಗ್ರೂಪಿನಲ್ಲಿ ಬರೆಯದೆ, ಉಭಯ ಪಕ್ಷದವರೂ ಸ್ಥಳಕ್ಕೆ ಹೋಗಿ ನೋಡಿದ ಮೇಲೆಯೇ ಮಾತನಾಡತಕ್ಕದ್ದು.

3. ಅಪರಿಚಿತರ ಮೇಲೆ ಸಂಶಯ ಬಂದರೆ 112ಕ್ಕೆ ಫೋನು ಮಾಡಿ ಪೊಲೀಸರಿಗೆ ತಿಳಿಸಬೇಕೇ ಹೊರತು, ಸಂದೇಶವನ್ನು ಮುಂದಕ್ಕೆ ಕಳುಹಿಸಕೂಡದು.

4. ತಿಂಗಳಿಗೊಂದು ಸಂಜೆ, ಫೋನುಗಳನ್ನು ಮನೆಯಲ್ಲಿಟ್ಟು, ಎಲ್ಲರೂ ಒಂದೆಡೆ ಸೇರತಕ್ಕದ್ದು. ಬಾರದಿದ್ದವರ ಮನೆಗೆ ಯಜಮಾನರೇ ಹೋಗಿ ಕ್ಷೇಮಸಮಾಚಾರವನ್ನು ವಿಚಾರಿಸುವುದು ಉತ್ತಮ.

ಇವುಗಳಿಗೆ ಕಾಸಿನ ಖರ್ಚೂ ಇಲ್ಲ. ಒಡೆದ ದಡಕ್ಕೆ ಆ ದಿನವೇ ಮಣ್ಣು ಹಾಕಿದರೆ ಒಂದು ಬುಟ್ಟಿ ಸಾಕು. ತಡಮಾಡಿದರೆ ಗಾಡಿ ಮಣ್ಣೂ ಸಾಲದು. ಮನಸ್ಸುಗಳ ವಿಷಯದಲ್ಲಿಯೂ ಹಾಗೆಯೇ ಎಂಬುದನ್ನು ಗ್ರಾಮದ ಹಿರಿಯರು ಮನಗಂಡು ನಡೆದುಕೊಳ್ಳುವರೆಂದು ನಂಬಿರುತ್ತೇನೆ.